ಯಾರೂ ನೋಡದ ಮೊದಲ ಕಂತು

ಹಬ್ಬ ಹತ್ತಿರವಿರಲಿಲ್ಲ, ಬೀಗರು ಬರುವ ಸುದ್ದಿಯೂ ಇರಲಿಲ್ಲ. ಆದರೂ ಮೊನ್ನೆ ಅಡುಗೆಮನೆಯ ಹಲಗೆಗಳನ್ನು ಒರೆಸಬೇಕೆಂಬ ಹುಕಿ ನನಗೆ ಬಂತು. ಗುರೆಳ್ಳು ಚಟ್ನಿಯ ಡಬ್ಬಿ, ಶೇಂಗಾ ಚಟ್ನಿಯ ಡಬ್ಬಿ, ಒಳಗೇನಿದೆಯೆಂದು ನನಗೇ ನೆನಪಿಲ್ಲದ ಇನ್ನೂ ಮೂರು ಡಬ್ಬಿ, ಎಲ್ಲವನ್ನೂ ಕೆಳಗಿಳಿಸಿದೆ. ಅವುಗಳಡಿ ಹಾಸಿದ್ದ ಕಾಗದ ಎಣ್ಣೆ ಕುಡಿದು ಹಲಗೆಗೇ ಹತ್ತಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಎಬ್ಬಿಸಿದರೆ, ಅದೊಂದು ಹಳೆಯ ಕ್ಯಾಲೆಂಡರಿನ ಹಾಳೆ. ಒಂದು ಚೌಕದಲ್ಲಿ ನನ್ನದೇ ಅಕ್ಷರ: 'ಹಾಲು ಇಲ್ಲ. ಕೋಳಿ ಕಾವಿಗೆ ಕೂತಿತು. ಟಿಸಿ ಸುಟ್ಟಿತು.' ಮರುದಿನದ ಚೌಕದಲ್ಲಿ: 'ಹೊಸ ಧಾರಾವಾಹಿ. ಮೊದಲ ಕಂತು ಅತ್ಯುತ್ತಮ. ನೂರಕ್ಕೆ ತೊಂಬತ್ತು.' ಹಾಳೆಯ ಕೆಳಗಿನ ಅಂಚಿನಲ್ಲಿ ಬೇರೆ ಪೆನ್ನಿನಿಂದ ಬರೆದದ್ದು: 'ದೊಡ್ಡ ಲೋಪ. ಅವ್ವ ತಿರುಗಿ ಬರಲಿಲ್ಲ.'

ಒರೆಸುವ ಕೆಲಸ ಅಲ್ಲಿಗೇ ನಿಂತಿತು.

ನಮ್ಮ ಮನೆಯಲ್ಲಿ ಕ್ಯಾಲೆಂಡರಿನಲ್ಲಿ ತಿಥಿ ನೋಡುವುದು ಎರಡನೆಯ ಕೆಲಸ. ಸಿಲಿಂಡರ್ ಹಚ್ಚಿದ ದಿನ, ಎಮ್ಮೆ ಈದ ದಿನ, ಯಜಮಾನರು ಬೆನ್ನು ನೋವೆಂದ ದಿನ, ಎಲ್ಲವೂ ಆ ಸಣ್ಣ ಚೌಕಗಳಲ್ಲಿ ಇರುತ್ತವೆ. ಅದರ ಜೊತೆಗೆ ಟೀವಿಯಲ್ಲಿ ಯಾವುದಾದರೂ ಹೊಸ ಧಾರಾವಾಹಿ ಶುರುವಾದರೆ ಅದರ ಮೊದಲ ಕಂತಿನ ಬಗ್ಗೆ ಎರಡು ಮಾತು ಬರೆದು ಅಂಕ ಕೊಡುತ್ತೇನೆ. ಆ ತಿಂಗಳ ಹಾಳೆ ಹರಿದ ಮೇಲೂ ಧಾರಾವಾಹಿ ಮುಗಿಯುವವರೆಗೆ ಅದನ್ನು ಮೊಳೆಗೆ ಸಿಕ್ಕಿಸಿಟ್ಟಿರುತ್ತೇನೆ. ಕೊನೆಯ ಕಂತಿನ ದಿನ ಅದರ ಮೇಲೆ ಕಡೆಯ ಮಾತು ಬರೆದು ಡಬ್ಬಿಗಳ ಕೆಳಗೆ ಹಾಸುತ್ತೇನೆ. ಹೀಗೆ ನಮ್ಮ ಉಪ್ಪು, ಹುಣಸೆಹಣ್ಣು, ಜೀರಿಗೆಗಳೆಲ್ಲ ನನ್ನ ವಿಮರ್ಶೆಗಳ ಮೇಲೆ ಕೂತಿವೆ. ವಿಮರ್ಶೆಗೆ ಇದಕ್ಕಿಂತ ಹೆಚ್ಚಿನ ಉಪಯೋಗ ಇದ್ದರೆ ನನಗೆ ತಿಳಿಯದು.

ಈ ಕೆಲಸ ನನಗೆ ಯಾರೂ ವಹಿಸಿದ್ದಲ್ಲ. ನಮ್ಮ ಯರಗುಪ್ಪಿಯ ಓಣಿಯಲ್ಲಿ ಚಳಿಗಾಲ ಬಂದರೆ ಮೆಣಸಿನಕಾಯಿ ಬಿಡಿಸುವ ಕೆಲಸ. ನಮ್ಮ ಮನೆಯ ಕಟ್ಟೆಯ ಮುಂದೆ ತಾಡಪಾಲು ಹಾಸಿ, ನಡುವೆ ಕೆಂಪು ಮೆಣಸಿನಕಾಯಿ ಸುರುವಿಕೊಂಡು, ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತೇವೆ. ಕೈಗೆ ಕೆಲಸವಿದೆ, ಬಾಯಿ ಖಾಲಿ. ಹಿಂದಿನ ದಿನ ಟೀವಿಯಲ್ಲಿ ಹೊಸದೇನಾದರೂ ಶುರುವಾಗಿದ್ದರೆ ಎಲ್ಲರೂ ನನ್ನ ಕಡೆಗೇ ತಿರುಗುತ್ತಾರೆ. "ಸರೋಜಕ್ಕಾ, ಹೆಂಗೈತ್ರಿ? ಕುಂತು ನೋಡೂ ಹಂಗ ಐತೋ, ಕಸಾ ಹೊಡಕೋಂತ ನೋಡೂ ಹಂಗ ಐತೋ?" ಒಂದು ಧಾರಾವಾಹಿ ಅಂದರೆ ಮೂರು ವರ್ಷದ ಸಂಸಾರ. ಕಟ್ಟಿಕೊಳ್ಳುವ ಮುಂಚೆ ನೋಡಿಕೊಳ್ಳಬೇಕಲ್ಲ.

ನನ್ನ ಪರೀಕ್ಷೆಗಳು ಸಾದಾ. ಮೊದಲ ಕಂತಿನಲ್ಲಿ ಆರತಿ ತಟ್ಟೆ ನೆಲಕ್ಕೆ ಬಿದ್ದರೆ ಹತ್ತು ಅಂಕ ಕಡಿಮೆ. ಬಿದ್ದ ತಟ್ಟೆಯನ್ನು ಮೂರು ಸಲ ತೋರಿಸಿದರೆ ಇಪ್ಪತ್ತು. ಅಡುಗೆಮನೆಯಲ್ಲಿ ಒಂದು ಒಗ್ಗರಣೆಯ ಹೊಗೆಯೂ ಇಲ್ಲದೆ ಎಂಟು ಜನರ ಊಟ ತಯಾರಾದರೆ ಅದಕ್ಕೂ ಕಡಿತ. ಮನೆಗೆ ಬಂದವರಿಗೆ ಯಾರಾದರೂ ಒಬ್ಬರು 'ನೀರು ಕುಡೀತೀರಾ' ಎಂದು ಕೇಳಿದರೆ ಐದು ಅಂಕ ಹೆಚ್ಚು. ಈ ಐದು ಅಂಕ ಕೊಟ್ಟ ನೆನಪು ನನಗೆ ಕಡಿಮೆ. ಇನ್ನು ಭಾಷೆ. ಧಾರಾವಾಹಿಯಲ್ಲಿ ನಮ್ಮ ಕಡೆಯ ಮಾತು ಆಡುವವರು ಒಬ್ಬರಾದರೂ ಇದ್ದಾರೆಯೇ ಎಂದು ಕಿವಿಗೊಟ್ಟು ಕೂತಿರುತ್ತೇನೆ. ಇರುತ್ತಾರೆ. ಸೌಟು ಹಿಡಿದುಕೊಂಡಿರುತ್ತಾರೆ, ಇಲ್ಲವೇ ಜಾರಿ ಬಿದ್ದು ನಗಿಸುತ್ತಾರೆ. ನಮ್ಮ ಮಾತಿನಲ್ಲಿ ಯಾರೂ ಅತ್ತದ್ದನ್ನು ನಾನು ಕಂಡಿಲ್ಲ.

ಮೊದಲ ಕಂತಿನ ಮೇಲೆ ನನಗೆ ಇಷ್ಟು ಜೀವ ಯಾಕೆ ಎಂದರೆ ಅದಕ್ಕೂ ಕಾರಣವಿದೆ. ನನ್ನ ತವರು ಕುಬಿಹಾಳ. ನಾನು ಸಣ್ಣವಳಿದ್ದಾಗ ಅಲ್ಲಿ ನಾವು ಹೋಗಿ ನೋಡಬಹುದಾದ ಟೀವಿ ಇದ್ದದ್ದು ಸಾಲಿ ಮಾಸ್ತರರ ಮನೆಯಲ್ಲಿ. ಅದಕ್ಕೆ ಎರಡು ಬಾಗಿಲಿನ ಕಟ್ಟಿಗೆಯ ಪೆಟ್ಟಿಗೆ, ಪೆಟ್ಟಿಗೆಗೆ ಕೀಲಿ. ಮಾಸ್ತರರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಊಟ ಮಾಡಿ, ಅಡಿಕೆ ಹಾಕಿಕೊಂಡು, ಆಮೇಲೆ ಜನಿವಾರದ ಹಾಗೆ ಕೊರಳಲ್ಲಿ ಹಾಕಿಕೊಂಡಿದ್ದ ಕೀಲಿ ತೆಗೆಯುತ್ತಿದ್ದರು. ಅಂಗಳದಲ್ಲಿ ನಾವು ಮಕ್ಕಳು ಮುಚ್ಚಿದ ಪೆಟ್ಟಿಗೆಯನ್ನೇ ದೇವರ ಗುಡಿಯ ಪರದೆ ನೋಡಿದ ಹಾಗೆ ನೋಡುತ್ತ ಕೂತಿರುತ್ತಿದ್ದೆವು. ಬಾಗಿಲು ತೆರೆದಾಗ ಒಳಗೆ ಯಾರೋ ಅಳುತ್ತಿರುತ್ತಿದ್ದರು. ಯಾಕೆ ಅಳುತ್ತಿದ್ದಾರೆ ಎಂಬುದು ಅರ್ಧ ಗಂಟೆ ಹಿಂದೆಯೇ ಆಗಿಹೋಗಿರುತ್ತಿತ್ತು. ಕಥೆಗೆ ಆರಂಭವೆನ್ನುವುದು ಇರುತ್ತದೆಂದು ನನಗೆ ಗೊತ್ತಾದದ್ದೇ ದೊಡ್ಡವಳಾದ ಮೇಲೆ. ಮನೆಗೆ ಹೋಗುವಾಗ ನಾನೂ ನನ್ನ ತಂಗಿಯೂ ಆ ಆರಂಭವನ್ನು ನಾವೇ ಹೊಂದಿಸಿಕೊಳ್ಳುತ್ತಿದ್ದೆವು. ಅವಳು ಯಾವಾಗಲೂ ಹಾವು ಕಚ್ಚಿಸುತ್ತಿದ್ದಳು.

ಇರಲಿ, ಆ ತೊಂಬತ್ತು ಅಂಕದ ಧಾರಾವಾಹಿಗೆ ಬರುತ್ತೇನೆ. ಹೆಸರು ಬೇಡ, ನೀವೂ ನೋಡಿರುತ್ತೀರಿ. ಅದು ಶುರುವಾಗುವ ದಿನ ಸಂಜೆ ನಮ್ಮ ಟಿಸಿ, ಅಂದರೆ ಊರಿಗೆ ಕರೆಂಟು ಕೊಡುವ ಡಬ್ಬ, ಢಂ ಎಂದು ಸುಟ್ಟಿತು. ಊರಿಗೆ ಊರೇ ಕತ್ತಲೆ. ಮರುದಿನ ಮಧ್ಯಾಹ್ನ ಬೇರೆ ಟಿಸಿ ಬಂತು, ಎರಡನೆಯ ಕಂತಿನಿಂದ ನೋಡಿದೆವು. ಮೊದಲನೆಯದನ್ನು ಊರಲ್ಲಿ ಒಬ್ಬರೂ ನೋಡಿರಲಿಲ್ಲ, ನೀಲಕ್ಕನನ್ನು ಬಿಟ್ಟು.

ನೀಲಕ್ಕ ನಮ್ಮ ಎದುರು ಮನೆಯವರು. ನನಗಿಂತ ಹದಿನೈದು ವರ್ಷ ಹಿರಿಯರು. ಅವರ ದನಿ ಓಣಿಯ ಈ ತುದಿಯಿಂದ ಕರೆದರೆ ಆ ತುದಿಯ ಎಮ್ಮೆ ತಿರುಗಿ ನೋಡುವಂಥದ್ದು. ನಮ್ಮಲ್ಲಿ ಯಾರ ಮನೆಗೆ ಹೋದರೂ ಬಾಗಿಲು ಬಡಿಯುವ ರೂಢಿಯಿಲ್ಲ. ಅಂಗಳದಲ್ಲಿ ನಿಂತು ಕೂಗುತ್ತೇವೆ. ನೀಲಕ್ಕ ತಮ್ಮ ಮನೆಯಿಂದಲೇ ಕೂಗಿಬಿಡುತ್ತಾರೆ, ಹೋಗುವ ಕೆಲಸವೇ ಇಲ್ಲ. ಅವರ ಒಬ್ಬಳೇ ಮಗಳು ರೇಣುಕಾಳನ್ನು ಅಣ್ಣಿಗೇರಿಗೆ ಕೊಟ್ಟಿದೆ. ಟಿಸಿ ಸುಟ್ಟ ದಿನ ನೀಲಕ್ಕ ರೊಟ್ಟಿ ಗಂಟು ಕಟ್ಟಿಕೊಂಡು ಮಗಳ ಊರಿಗೆ ಹೋಗಿದ್ದರು. ಮರುದಿನ ಮುಂಜಾನೆ ಅವರನ್ನು ಕಟ್ಟೆಯ ಮೇಲೆ ಕಂಡದ್ದೇ ತಡ, ನಾವು ಮುತ್ತಿದೆವು.

"ನೀಲಕ್ಕಾ, ಅಣ್ಣಿಗೇರ್ಯಾಗ ಕರೆಂಟಿತ್ತಲ್ರಿ? ಮಗಳ ಮನ್ಯಾಗ ನೋಡಿದ್ರಿಲ್ಲೋ?"

ನೀಲಕ್ಕ ನಮ್ಮ ಮುಖ ನೋಡದೆ ಸೆರಗಿನ ಅಂಚು ಹೊಸೆದರು. ನನಗೆ ಈಗ ನೆನಪಾಗುತ್ತದೆ, ಅದು ಅವರ ಸ್ವಭಾವವಲ್ಲ. ಆಮೇಲೆ, "ನೋಡದ ಏನು? ಅಗದಿ ಛಲೋ ಬಂತು" ಎಂದು ಶೀರ್ಷಿಕೆ ಹಾಡಿನ ಎರಡು ಸಾಲು ಗುನುಗಿ ಶುರು ಮಾಡಿದರು.

ಅವರು ಹೇಳಿದ ಮೊದಲ ಕಂತು ಹೀಗಿತ್ತು. ಪಟ್ಟಣದ ದೊಡ್ಡ ಮನೆ. ಒಳಗೆ ಯಾರೋ 'ಬಾಗಿಲಲ್ಲಿ ಯಾರೋ ಬಂದಿದ್ದಾರೆ, ನೋಡು' ಎನ್ನುತ್ತಾರೆ. ಹೊರಗೆ ನಾಯಕಿಯ ಅವ್ವ ನಿಂತಿದ್ದಾಳೆ, ಹಳ್ಳಿಯಿಂದ ಬಂದವಳು, ಕೈಯಲ್ಲಿ ರೊಟ್ಟಿ ಗಂಟು. ಬಾಗಿಲು ಮುಚ್ಚಿದೆ. ಕರೆಯಬೇಕೆಂದರೆ ಗಂಟಲು ಏಳುವುದಿಲ್ಲ. ಹಿಂದೊಮ್ಮೆ ಮಗಳೊಂದಿಗೆ ಮಾತಿಗೆ ಮಾತು ಆಗಿಹೋಗಿದೆ. ಅವ್ವ ಗಂಟನ್ನು ಕಟ್ಟೆಯ ಮೇಲೆ ಇಟ್ಟು, "ತಣ್ಣಗಾಗೂದ್ರಾಗ ತಿನ್ನಬೇ ನನ್ನ ಮಗಳ" ಎಂದು ಬಾಗಿಲಿಗೇ ಹೇಳಿ ಹೊರಟುಹೋಗುತ್ತಾಳೆ. ಆಮೇಲೆ ನಾಯಕಿ ಬಾಗಿಲು ತೆಗೆದು, ಬಟ್ಟೆಯ ಗಂಟು ಹಾಕಿದ ರೀತಿಯಿಂದಲೇ ಗುರುತು ಹಿಡಿದು, ಬರಿಗಾಲಲ್ಲಿ ಓಡುತ್ತಾಳೆ. ಅಷ್ಟರಲ್ಲಿ ಬಸ್ಸು ಬಿಟ್ಟಿರುತ್ತದೆ.

ಮೆಣಸಿನಕಾಯಿ ಕೈಯಲ್ಲಿಯೇ ಉಳಿದಿತ್ತು. ಆ ಕೈಯಿಂದಲೇ ಒಬ್ಬಿಬ್ಬರು ಕಣ್ಣು ಒರೆಸಿಕೊಂಡು, ಅಳುವುದಕ್ಕೆ ಎರಡು ಕಾರಣ ಮಾಡಿಕೊಂಡರು.

"ಆ ಅವ್ವ ನಮ್ಮ ಕಡೆ ಮಾತಾಡ್ತಾಳೇನ್ರಿ?" ನಾನು ಕೇಳಿದೆ.

"ಅಗದಿ ನಮ್ಮಂಗ."

ನಾನು ಒಳಗೆ ಹೋಗಿ ತೊಂಬತ್ತು ಬರೆದೆ. ನೋಡದ ಕಂತಿಗೆ ಅಂಕ ಕೊಟ್ಟದ್ದು ಅದೇ ಮೊದಲು. ಆದರೆ ನಮ್ಮ ಮಾತಿನಲ್ಲಿ ಅಳುವ ಅವ್ವ ಟೀವಿಯಲ್ಲಿ ಬಂದಿದ್ದಳು, ನಿಯಮವೆಂದು ಕೂತರೆ ಹೇಗೆ?

ಆಮೇಲೆ ಮೂರು ವರ್ಷ ಓಣಿಗೆ ಓಣಿಯೇ ಆ ಅವ್ವನ ದಾರಿ ಕಾಯಿತು. ಗುಡಿಯ ಮುಂದೆ ಹೂ ಮಾರುವ ಮುದುಕಿಯೊಬ್ಬಳು ಅರೆಗಳಿಗೆ ಕಂಡರೆ "ಆಕಿನ ಆಕಿನ!" ಎಂದು ಎಲ್ಲರೂ ಎದ್ದು ಕೂರುವುದು. ಅವಳು ಹೂ ಕೊಟ್ಟು ಹೋಗುವಳು. ನೀಲಕ್ಕ, "ಬರ್ತಾಳ ತಡೀರಿ, ಅವಸರಾ ಮಾಡಬ್ಯಾಡ್ರಿ" ಎನ್ನುವರು. ಒಂದು ಸಲ ನಾಯಕಿಯ ಮನೆಯ ಗೋಡೆಯ ಮೇಲೆ ಅವಳ ತಾಯಿಯ ಫೋಟೋ ಕಂಡಿತು, ಅದಕ್ಕೆ ಗಂಧದ ಹಾರ. ತಾಡಪಾಲಿನ ಮೇಲೆ ಗದ್ದಲವೆದ್ದಿತು.

ನಮ್ಮ ಓಣಿಯ ದರ್ಜಿ ಮುಮತಾಜ ಕೂಡಲೇ ಹಿಡಿದಳು. ಅವಳು ಧಾರಾವಾಹಿ ನೋಡುವುದೇ ಬ್ಲೌಸಿನ ಹೊಲಿಗೆಗೆ. ಯಾರ ತೋಳು ಸಡಿಲ, ಯಾರ ಬೆನ್ನಿನ ಗುಂಡಿ ತಪ್ಪಿದೆ ಎಂಬುದರ ಮೇಲೆಯೇ ಒಳ್ಳೆಯವರು ಕೆಟ್ಟವರನ್ನು ವಿಂಗಡಿಸುತ್ತಾಳೆ. "ಹಾರಾ ಹಾಕ್ಯಾರಂದ್ರ ಸತ್ತಾಳಲ್ರಿ? ಮತ್ತ ರೊಟ್ಟಿ ತಂದಾಕಿ ಯಾರು?"

"ಯವ್ವಾ, ಬದುಕಿದಾಕಿಗೆ ಹಾರಾ ಹಾಕ್ಯಾರ! ಅವರಪ್ಪನ ಕೆಲಸ ಅದು" ಎಂದರು ನೀಲಕ್ಕ. ಎಲ್ಲರಿಗೂ ಹೌದೆನಿಸಿತು. ಅಂದಿನಿಂದ ನಾಯಕಿಯ ಅಪ್ಪ ಓಣಿಗೆ ಪರಮ ಪಾಪಿಯಾದ. ಪಾಪ, ಆ ಮನುಷ್ಯ ತೆರೆಯ ಮೇಲೆ ಬಂದು ಪೇಪರ್ ಓದಿದರೂ ಇಲ್ಲಿ ಕುಳಿತವರು ಹಲ್ಲು ಕಡಿಯುತ್ತಿದ್ದರು.

ಮುಮತಾಜ ಮಾತ್ರ ಪೂರ್ತಿ ನಂಬಲಿಲ್ಲ. "ನೀಲಕ್ಕಾ, ಖರೇ ಹೇಳ್ರಿ, ಆ ಅವ್ವ ಉಟ್ಟಿದ್ದ ಸೀರಿ ಬಣ್ಣಾ ಯಾವುದು?" ಎಂದು ಆಗಾಗ ಕೇಳುವಳು. ಒಮ್ಮೆ ಹಸಿರು, ಒಮ್ಮೆ ಕುಂಕುಮದ ಬಣ್ಣ. "ಟೀವಿ ಬಣ್ಣಾ ನಿನಗ ಹೇಳಬೇಕೇನು? ಒಬ್ಬರ ಮನ್ಯಾಗ ಒಂದೊಂದ್ ಥರಾ ಕಾಣಸ್ತದ" ಎಂದು ನೀಲಕ್ಕ ದಬಾಯಿಸುವರು. ಕೊನೆಗೆ ಧಾರಾವಾಹಿ ಮುಗಿಯಿತು. ಎಲ್ಲರ ಮದುವೆಯಾಯಿತು, ಕೆಟ್ಟವಳು ಕಾಲಿಗೆ ಬಿದ್ದಳು. ಅವ್ವ ಬರಲಿಲ್ಲ. ನಾನು ನಿಜವಾದ ಸಿಟ್ಟಿನಲ್ಲಿ ಆ ಅಂಚಿನ ಸಾಲು ಬರೆದು, ಹಾಳೆಯನ್ನು ಗುರೆಳ್ಳು ಚಟ್ನಿಯ ಕೆಳಗೆ ಹಾಕಿದೆ.

ಈಗ ಆ ಹಾಳೆ ಸಿಕ್ಕಿತೆಂದರೆ ನಾನು ಸುಮ್ಮನೆ ಕೂರುತ್ತೇನೆಯೇ? ಮೊನ್ನೆಯೂ ಮೆಣಸಿನಕಾಯಿ ಬಿಡಿಸುವ ದಿನವೇ. ನಗಲೆಂದು ತಾಡಪಾಲಿಗೆ ಒಯ್ದು ಓದಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀಲಕ್ಕನೇ. ಮುಮತಾಜ ಕನ್ನಡಕ ಮೇಲೆ ಸರಿಸಿದಳು.

"ಸರೋಜಕ್ಕಾ, ನಿಮ್ಮ ಮಗಳು ಫೋನಿನ್ಯಾಗ ಅದೇನೋ ಹಾಕಿ ಕೊಟ್ಟಾಳಲ್ರಿ? ಹಳೇವೆಲ್ಲಾ ಮೊದಲಿನಿಂದ ಸಿಗ್ತಾವಂತ. ನಾಳೆ ತರ್ರಿ ಇಲ್ಲೇ. ನೀಲಕ್ಕನ ಮುಂದನ ನೋಡೂಣು. ಸೀರಿ ಹಸರೋ ಕುಂಕುಮನೋ, ಒಂದ್ ತೀರ್ಮಾನ ಆಗಿಬಿಡಲಿ."

"ಹೌದ್ರಿ, ತರ್ರಿ" ಎಂದು ಉಳಿದವರೂ ದನಿಗೂಡಿಸಿದರು. ನೀಲಕ್ಕನ ನಗು ನಿಂತಿತು. ಮೆಣಸಿನಕಾಯಿಯ ತೊಟ್ಟು ಮುರಿಯುವುದನ್ನು ಬಿಟ್ಟು ಕಾಯಿಯನ್ನೇ ಮುರಿಯುತ್ತಿದ್ದರು. ನಾನು ನೋಡಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ, ಎಲ್ಲರಿಗೂ ತೋರಿಸುವ ಮುಂಚೆ ಒಮ್ಮೆ ನೋಡಿಡೋಣವೆಂದು ಫೋನು ಹಿಡಿದು ಕೂತೆ. ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ನಡುವೆ ಒಂದು ಅಡುಗೆ ಕಾರ್ಯಕ್ರಮವನ್ನೂ ಯಾರೋ ಇಬ್ಬರ ಜಗಳವನ್ನೂ ನೋಡಿದೆ. ಕೊನೆಗೆ ಮೊದಲ ಕಂತು ಸಿಕ್ಕಿತು. ಹಾಡು ಬಂತು. ನೀಲಕ್ಕ ಗುನುಗಿದ್ದ ಅದೇ ಎರಡು ಸಾಲು. ದೊಡ್ಡ ಮನೆ ಬಂತು. ಒಳಗೆ ಒಬ್ಬ ಹೆಂಗಸು, 'ಬಾಗಿಲಲ್ಲಿ ಯಾರೋ ಬಂದಿದ್ದಾರೆ, ನೋಡು' ಎಂದಳು. ನಾನು ಸೆರಗಿನಿಂದ ಫೋನಿನ ಗಾಜು ಒರೆಸಿ, ಕಣ್ಣ ಹತ್ತಿರ ತಂದುಕೊಂಡೆ.

ಬಾಗಿಲು ತೆರೆಯಿತು. ಕೊರಿಯರ್‌ನವನು. ಒಂದು ಲಕೋಟೆ ಕೊಟ್ಟು ಹೋದ. ಆಮೇಲೆ ಆರತಿ ತಟ್ಟೆ ಬಿತ್ತು, ಮೂರು ಸಲ. ಗೋಡೆಯ ಮೇಲೆ ತಾಯಿಯ ಫೋಟೋ, ಗಂಧದ ಹಾರ. 'ಅಮ್ಮ ಹೋಗಿ ಹತ್ತು ವರ್ಷ ಆಯ್ತು' ಎಂದು ನಾಯಕಿಯೇ ಹೇಳಿದಳು. ರೊಟ್ಟಿ ಇಲ್ಲ, ಗಂಟು ಇಲ್ಲ, ಅವ್ವ ಇಲ್ಲ. ನಾನು ಮುಗಿಯುವವರೆಗೂ ನೋಡಿದೆ. ಮೂವತ್ತೈದು ಕೊಡಬಹುದಿತ್ತು, ಅದೂ ಹಾಡಿನ ಮುಖ ನೋಡಿ.

ಮೊದಲು ನಗು ಬಂತು. ಮೂರು ವರ್ಷ ಒಂದು ಓಣಿಯ ಜನ ಇಲ್ಲದ ಅವ್ವನಿಗಾಗಿ ಕಾದಿದ್ದೆವು. ಅವಳನ್ನು ಮರೆತರೆಂದು ನಾನು ಧಾರಾವಾಹಿ ಬರೆದವರಿಗೆ ಲೋಪ ಹಚ್ಚಿದ್ದೆ. ಆಮೇಲೆ ಹಾಡಿನ ಎರಡು ಸಾಲು, ಆ ಒಂದು ಮಾತು, ಇಷ್ಟು ಮಾತ್ರ ಹೇಗೆ ಸರಿಯಿತ್ತು ಎಂದು ಯೋಚಿಸುತ್ತ ಕೂತೆ. ನೀಲಕ್ಕ ಅಷ್ಟನ್ನು ಕೇಳಿದ್ದರು, ಏನನ್ನೂ ನೋಡಿರಲಿಲ್ಲ. ಟೀವಿ ಕೇಳಿಸುತ್ತದೆ, ಕಾಣಿಸುವುದಿಲ್ಲ, ಅಂಥ ಜಾಗ ಯಾವುದು? ಮುಚ್ಚಿದ ಬಾಗಿಲಿನ ಹೊರಗೆ. ರೊಟ್ಟಿ ಗಂಟು ಹಿಡಿದುಕೊಂಡು ಹೋದವರು ಯಾರೆಂದು ನಾನೇ ಕಣ್ಣಾರೆ ಕಂಡಿದ್ದೆ. ಫೋನು ಮಗುಚಿ ಪಕ್ಕಕ್ಕಿಟ್ಟೆ. ನಾಳೆ ಈ ಫೋನನ್ನು ತಾಡಪಾಲಿನ ನಡುವೆ ಇಟ್ಟರೆ, ನೀಲಕ್ಕ ಎಲ್ಲರೆದುರು ಮತ್ತೊಮ್ಮೆ ಆ ಬಾಗಿಲಿನ ಹೊರಗೆ ನಿಲ್ಲಬೇಕಾಗುತ್ತದೆ.

ಮರುದಿನ ಮುಂಜಾನೆ ತಾಡಪಾಲು ಹಾಸುವ ಮೊದಲೇ ಮುಮತಾಜ ಬಂದು ಕೂತಿದ್ದಳು. ನೀಲಕ್ಕ ಬಂದರು, ಆದರೆ ದೂರದಿಂದ ಕೂಗದೆ, ಸುಮ್ಮನೆ ಬಂದು ಅಂಚಿನಲ್ಲಿ ಕೂತರು.

"ಎಲ್ಲೈತ್ರಿ ಫೋನು?" ಎಂದಳು ಮುಮತಾಜ.

"ಫೋನೈತಿ. ಆದ್ರ ಅದರಾಗ ಮೊದಲನೇದು ಇಲ್ಲಬೇ. ಎರಡರಿಂದ ಶುರು ಆಗ್ತೈತಿ" ಎಂದೆ.

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಸುಳ್ಳು ಹೇಳುವಾಗ ನಾನು ಮೂಗು ಮುಟ್ಟಿಕೊಳ್ಳುತ್ತೇನೆಂದು ಮನೆಯವರು ಯಾವಾಗಲೂ ಹಂಗಿಸುತ್ತಾರೆ. ಅಂದು ಮೆಣಸಿನಕಾಯಿ ಮುಟ್ಟಿದ ಕೈಯಿಂದ ಮುಟ್ಟಿಕೊಂಡೆ. ಒಂದರ ಹಿಂದೊಂದು ಏಳು ಸೀನು ಬಂದವು.

"ಎರಡರಿಂದ? ಯಾವ ಹುಚ್ಚರು ಎರಡರಿಂದ ಶುರು ಮಾಡ್ತಾರ?" ಎಂದಳು ಒಬ್ಬಳು.

ಮುಮತಾಜ ನನ್ನ ಮೂಗನ್ನು ನೋಡಿದಳು. ನೀಲಕ್ಕನ ಕೈಗಳನ್ನು ನೋಡಿದಳು. ದರ್ಜಿಯ ಕಣ್ಣು, ಎಲ್ಲಿ ಮಡಚಿ ಹೊಲಿದಿದ್ದಾರೆ ಎಂಬುದು ಅದಕ್ಕೆ ಬೇಗ ಗೊತ್ತಾಗುತ್ತದೆ. "ಹೋಗ್ಲಿ ಬಿಡ್ರಿ," ಎಂದಳು, "ಸೀರಿ ಯಾವ ಬಣ್ಣರ ಇರಲಿ. ಇವತ್ತ್ ಸಂಜೀಕ ಹೊಸಾದು ಶುರು ಆಗ್ತೈತಂತ, ಅದರದು ಹೇಳ್ರಿ." ಮಾತು ಆ ಕಡೆ ಹೊರಳಿತು.

ಎಲ್ಲರೂ ಊಟಕ್ಕೆಂದು ಎದ್ದು ಹೋದ ಮೇಲೂ ನೀಲಕ್ಕ ಕೂತೇ ಇದ್ದರು. ನಾನು ತಾಡಪಾಲಿನ ಒಂದು ತುದಿ ಹಿಡಿದೆ. ಅವರು ಇನ್ನೊಂದು ತುದಿ ಹಿಡಿದರು.

"ನೋಡಿದಿ ಹೌದಿಲ್ಲೋ?"

"ನೋಡಿದೆ ನೀಲಕ್ಕ."

"ಹೆಂಗೈತಿ?"

"ನಿಮ್ದ ಛಲೋ ಇತ್ತ್ರಿ."

ನೀಲಕ್ಕ ನಕ್ಕರು. ಓಣಿಗೆ ಕೇಳದ ನಗು, ನಾನು ಮೊದಲ ಸಲ ಕೇಳಿದ್ದು. ತಾಡಪಾಲು ಮಡಚುತ್ತ ಮಡಚುತ್ತ ಹೇಳಿದರು. ಆ ವರ್ಷ ಬೀಗರ ಮನೆಯಲ್ಲಿ ಮೊಮ್ಮಗನ ತೊಟ್ಟಿಲ ಕಾರ್ಯದ ದಿನ, ಪಂಕ್ತಿಯಲ್ಲಿ ಕೂತು, 'ಈ ಹುಗ್ಗಿಗೆ ಬೆಲ್ಲನ ಹಾಕಿಲ್ಲಲ್ಲ' ಎಂದು ಇವರು ತಮ್ಮ ದನಿಯಲ್ಲಿ ಅಂದುಬಿಟ್ಟರಂತೆ. ತಾವು ಮೆಲ್ಲಗೇ ಅಂದದ್ದೆಂದು ಇವತ್ತಿಗೂ ಅವರ ವಾದ. ಬೀಗರ ಕಡೆಯವರೆಲ್ಲ ಕೈ ನಿಲ್ಲಿಸಿದರು. ರೇಣುಕಾ ಕಣ್ಣೀರು ಹಾಕಿಕೊಂಡು, 'ನಿನ್ನ ಬಾಯಿ ಸಣ್ಣದಾಗೂ ತನಕಾ ಬರಬ್ಯಾಡಬೇ ನಮ್ಮನಿಗೆ' ಎಂದಳು. ಐದು ತಿಂಗಳು ಹೋಗಿರಲಿಲ್ಲ. ಓಣಿಗೆ ತಿಳಿಯಬಾರದೆಂದು ಹೊಲಕ್ಕೋ ಸಂತೆಗೋ ಹೋದಾಗಲೂ ಮಗಳ ಮನೆಗೆ ಹೋಗಿಬಂದೆ ಎನ್ನುತ್ತಿದ್ದರು.

"ಟಿಸಿ ಸುಟ್ಟ ದಿನ ಮಧ್ಯಾಹ್ನನ ಅಣ್ಣಿಗೇರಿ ಮುಟ್ಟಿದ್ದೆ. ಬಸ್ ಟೇಶನ್ನಿನ್ಯಾಗ ಕುಂತೆ. ಧೈರ್ಯ ಬರೂದ್ರಾಗ ಹೊತ್ತು ಮುಳುಗ್ತು. ಬಾಗಲ ಮುಂದ ಹೋಗಿ ನಿಂತೆ. ಕೂಗಬೇಕು, ಬಾಯಿನ ಬರವಲ್ದು. ಕೂಗಿದ್ರ ಮತ್ತ ಅದ ದನಿ ಅಲ್ಲೇನು? ಒಳಗ ಟೀವ್ಯಾಗ, ಬಾಗಿಲಲ್ಲಿ ಯಾರೋ ಬಂದಿದ್ದಾರ ನೋಡು ಅಂದ್ರು. ಆಕಿ ಎದ್ದು ಬರ್ತಾಳೇನೋ ಅಂತ ನಿಂತೆ."

"ಬರಲಿಲ್ಲ?"

"ಆಕಿಗೇನ ಗೊತ್ತು? ಗಂಟನ್ನ ಬಾಗಲ ಕಟ್ಟಿ ಮ್ಯಾಲಿಟ್ಟು ಬಂದೆ. ಕಡೇ ಬಸ್ಸಿಗೆ ಇಳದ್ರ ಊರೆಲ್ಲಾ ಕತ್ತಲಿ. ಯಾರೂ ನೋಡಲಿಲ್ಲ. ಮುಂಜಾನೆ ನೀವೆಲ್ಲಾ ಮುಗಿಬಿದ್ದು ಕೇಳಿದ್ರಿ. ಏನರ ಹೇಳಬೇಕಲ್ಲ."

"ಆಮ್ಯಾಲೆ?"

"ಆಮ್ಯಾಲೆ ಏನು, ನೀನ ನೋಡಿದ್ಯಲ್ಲ. ಎಂಟು ದಿನಕ್ಕ ಕೂಸಿನ್ನ ಎತಗೊಂಡು ಬಂದ್ಳು, ಬಟ್ಟಿ ಕೊಡಾಕ. ಗಂಟು ನೋಡೇ ಗುರ್ತು ಹಿಡದಿದ್ಲಂತ. ಬಾಯಿ ಮಾಡದ ಬಂದು ಹೋಗೀದಿ, ಅದಕ್ಕ ಹೆದರಿಕಿ ಬಂತು ನನಗ, ಅಂದ್ಳು ಹುಚ್ಚಿ."

ನನಗೆ ನೆನಪಿತ್ತು. ರೇಣುಕಾ ಬಂದದ್ದು, ಒಗೆದು ಮಡಚಿದ ಬಟ್ಟೆ ಕೈಯಲ್ಲಿದ್ದದ್ದು. ಅವಳು ಅಂಗಳದಲ್ಲಿ ನಿಂತು "ಯವ್ವಾ" ಎಂದು ಕೂಗಿದ ಕೂಗು ಓಣಿಯ ಆ ತುದಿಗೆ ಕೇಳಿಸಿತ್ತು. ಅವ್ವನ ದನಿ ಮಗಳಿಗೆ ಬಂದಿದೆಯೆಂದು ಅಂದು ನಾವು ನಕ್ಕಿದ್ದೆವು ಕೂಡ. ಎರಡನೆಯ ಕಂತು ನಮ್ಮ ಕಣ್ಣೆದುರಿಗೇ ನಡೆದಿತ್ತು, ನಾವು ಟೀವಿ ನೋಡುತ್ತಿದ್ದೆವು.

"ಮಗಳು ಬಂದ ಮ್ಯಾಲಾದ್ರೂ ನಮಗ ಹೇಳಬಾರದಿತ್ತೇನ್ರಿ? ಮೂರು ವರ್ಷ ಕಾದ್ವಿ."

"ಹೆಂಗ ಹೇಳ್ಲಿ? ನೀ ತೊಂಬತ್ತು ಕೊಟ್ಟಿದ್ದಿಯಲ್ಲ!"

ಅವರು ಹೋದ ಮೇಲೆ ಒಳಗೆ ಬಂದೆ. ಹಲಗೆ ಒರೆಸಿದೆ. ಹಾಳೆಯನ್ನು ಮತ್ತೆ ಹಾಸುವ ಮುಂಚೆ ಪೆನ್ನು ಹುಡುಕಿ, ಅಂಚಿನಲ್ಲಿದ್ದ 'ದೊಡ್ಡ ಲೋಪ' ಎಂಬ ಸಾಲನ್ನು ಉದ್ದಕ್ಕೂ ಹೊಡೆದು ಹಾಕಿದೆ. ತೊಂಬತ್ತನ್ನು ಹಾಗೇ ಬಿಟ್ಟೆ. ಗುರೆಳ್ಳು ಚಟ್ನಿಯ ಡಬ್ಬಿಯನ್ನು ಅದರ ಮೇಲೆ ಇಡುವಷ್ಟರಲ್ಲಿ ಎದುರು ಮನೆಯಿಂದ ಕೂಗು ಬಂತು, ಡಬ್ಬಿಗಳೆಲ್ಲ ಒಮ್ಮೆ ಝಣ್ ಎಂದವೇನೋ ಅನ್ನಿಸಿತು.

"ಸರೋಜಾಽ! ಅಣ್ಣಿಗೇರಿಯಿಂದ ರೇಣುಕವ್ವ ಫೋನ್ ಮಾಡ್ಯಾಳ! ಸಂಜೀಕಿನ ಹೊಸಾದು ನಿಮ್ಮನ್ಯಾಗ ನೋಡಾಕ ಬರ್ತಾಳಂತ! ಬಾಗಲಾ ತಗದಿಡಬೇ!"